ಅಜ್ಜಿ ತೊಳೆಸಿದ ಬಾವಿ

ಬಾವಿಯಜ್ಜಿಯ ಬಲ ಅಂಗೈಯಲ್ಲಿ ಹಗ್ಗ ಕೊರೆದ ಆಳವಾದ ಗೆರೆಯೊಂದಿತ್ತು. ಎಲೆಯಡಿಕೆಗೆ ಬೇಕಾದ ಹೊಗೆಸೊಪ್ಪನ್ನು ಅವಳು ಆ ಗೆರೆಯಲ್ಲೇ ಅಳೆದುಕೊಳ್ಳುತ್ತಿದ್ದಳು.

ದೊಡ್ಡಬಳ್ಳಾಪುರದ ಕಾರ್ಖಾನೆಗಳ ಹಿಂಬದಿಯ ಹಳ್ಳಿ ಅವಳದು. ಜಿಡ್ಡು ತೊಳೆಯುವ ಕ್ಲೋರಿನ್‌ಯುಕ್ತ ದ್ರಾವಕ ಯಾವ ಕಾಲದಲ್ಲೋ ನೆಲಕ್ಕಿಳಿದು, ಅವಳ ಬಾವಿ ನೀರನ್ನು ಯಾರೂ ಬಾಯಿಗೆ ಹಾಕದಂತಾಗಿತ್ತು. ಆದರೆ ತಳದ ಕಪ್ಪು ಕೆಸರಿನಲ್ಲಿ, ನಾವು ಗಾಳಿ ಉಸಿರಾಡುವಂತೆ ಆ ಕ್ಲೋರಿನ್ ವಿಷವನ್ನೇ ಉಸಿರಾಡಿ ಮುರಿದುಹಾಕುವ ಬ್ಯಾಕ್ಟೀರಿಯಾಗಳಿದ್ದವು. ವಿಚಿತ್ರವೆಂದರೆ, ಆಮ್ಲಜನಕ ಸೋಕಿದರೆ ಇವಕ್ಕೆ ಉಸಿರು ಕಟ್ಟುತ್ತದೆ. ಕ್ರಿಮಿ ಕೊಲ್ಲುವ ರಾಸಾಯನಿಕಗಳಿಂದಲೂ ಅಷ್ಟೇ. ಐವತ್ತರ ಹೊಸ್ತಿಲಲ್ಲಿ ಡಾಕ್ಟರೇಟಿನ ಹುಚ್ಚು ಹಿಡಿದಿದ್ದ ನಾನೆಂಬ ಈ ಕಾಲೇಜು ಮೇಷ್ಟರು ಆರಿಸಿಕೊಂಡ ಘನಗಂಭೀರ ವಿಷಯ ಅದೇ.

ತಿಂಗಳಿಗೊಮ್ಮೆ ಹೋಗಿ ಕೆಸರೆತ್ತುತ್ತಿದ್ದೆ.

"ಏನಪ್ಪಾ ಮೇಷ್ಟ್ರೇ, ನಿಮ್ಮೂರಲ್ಲಿ ಕೆಸರಿಗೂ ಬರಾನಾ?" ಎಂದು ಮಜ್ಜಿಗೆ ಕೊಡುತ್ತಿದ್ದಳು. ಆಮೇಲೆ ದನಿ ತಗ್ಗಿಸಿ, "ನಾನು ಕಣ್ಮುಚ್ಚೋದ್ರೊಳಗೆ ಈ ನೀರು ಕುಡಿಯಂಗಾಗತ್ತಾ?"

"ನೋಡೋಣಜ್ಜಿ."

"ಈ ಕೆಸರು ಯಾತಕ್ಕೆ?"

"ಅದೆಲ್ಲ ಸೈನ್ಸು ಅಜ್ಜಿ. ನಿಮಗೆ ಗೊತ್ತಾಗಲ್ಲ."

ದಿನವೂ ತೂಕಡಿಸುವ ಹುಡುಗರಿಗೆ ಅದನ್ನೇ ಗಂಟಲು ಹರಿಯುವಂತೆ ಪಾಠ ಮಾಡುತ್ತಿದ್ದವನು ನಾನು.

ಒಂದು ಯುಗಾದಿಯ ಮುಂಚೆ ಹೋದರೆ ಬಾವಿಕಟ್ಟೆಗೆ ಸುಣ್ಣ ಬಳಿದಿದೆ, ರಂಗೋಲಿ ಬಿಟ್ಟಿದೆ.

"ಓದಿದೋರು ಬಂದು ಬಂದು ನಮ್ಮನೆ ಗಲೀಜು ಎತ್ಕೊಂಡೋಗೋದು ನೋಡಿ ನಂಗೇ ನಾಚ್ಕೆ ಆಯ್ತು ಕಣಪ್ಪಾ. ಮೋಟ್ರು ಇಟ್ಟು ನೀರು ಬಳಿಸಿ, ತಳ ಕೆರೆಸಿ, ಗಾಳಿ ಬಿಸ್ಲಿಗೆ ಬಿಟ್ಟು, ಬ್ಲೀಚಿಂಗ್ ಪೌಡ್ರೂ ಹಾಕ್ಸಿದೀನಿ. ಈಗ ನೋಡು!"

ನೋಡಿದೆ. ನನ್ನ ಕೋಟ್ಯಂತರ ಪ್ರಜೆಗಳು ಶುಚಿತ್ವಕ್ಕೆ ಬಲಿಯಾಗಿದ್ದರು. ಹೊಸದಾಗಿ ಜಿನುಗಿದ ನೀರಿನಲ್ಲಿ ವಿಷವಿತ್ತು, ತಿನ್ನುವವರಿರಲಿಲ್ಲ. ನನ್ನ ತಿಂಗಳ ಅಳತೆಗಳಲ್ಲಿ ಅಲ್ಲಿಯವರೆಗೆ ಇಳಿಯುತ್ತಿದ್ದ ವಿಷದ ಗೆರೆ ತಟ್ಟನೆ ಮೇಲೇರಿತು. ನನ್ನ ಪ್ರಬಂಧದಲ್ಲಿ ಎಲ್ಲರೂ ಮೆಚ್ಚಿದ ನಕ್ಷೆಯೂ ಅದೇ ಆಯಿತು. ಕೃತಜ್ಞತೆಯ ಪುಟದಲ್ಲಿ ಅಜ್ಜಿ "ಸ್ಥಳೀಯ ನಿವಾಸಿಯೊಬ್ಬರು" ಆದಳು.

ಪದವಿ ಬಂದಾಗ ಅವಳೇ ನನ್ನ ಕೈಗೆ ಸಕ್ಕರೆ ಹಾಕಿದಳು. "ಬಾವಿ ತೊಳೆಸಿದ್ಕೇ ಅಲ್ವೇನಪ್ಪಾ ನಿಂಗೆ ಡಾಕ್ಟ್ರು ಪಟ್ಟ ಸಿಕ್ಕಿದ್ದು?"

"ಹೌದಜ್ಜಿ" ಎಂದೆ. ದುರದೃಷ್ಟವಶಾತ್ ಅದು ನಿಜವಾಗಿತ್ತು.

ಹೋದ ವರ್ಷ ಅಜ್ಜಿ ತೀರಿಕೊಂಡಳು. ಕೊನೆಗೆ ಬಾಯಿಗೆ ಬಿಟ್ಟದ್ದು ಕ್ಯಾನಿನ ನೀರು.

ಈಗ ಬಾವಿಗೆ ಮುಚ್ಚಳ ಹಾಕಿಸಿದ್ದೇನೆ. ಲ್ಯಾಬಿನ ಸೀಸೆಗಳಲ್ಲಿ ಉಳಿದಿದ್ದ ಹಳೆಯ ಕೆಸರನ್ನು ತಳಕ್ಕಿಳಿಸಿ, ನೀರಿನ ಆಮ್ಲಜನಕ ತೀರಲೆಂದು ಆಗಾಗ ಬೆಲ್ಲದ ನೀರು ಹೊಯ್ಯುತ್ತೇನೆ. ಮೊನ್ನೆ ಅಜ್ಜಿಯ ಸೊಸೆ ಕೇಳಿದಳು: "ಇದೇನ್ ಸಾರ್, ನಮ್ಮತ್ತೆ ತಿಥಿ ಮಾಡ್ತಿದೀರಾ?"

ಈ ಸಲ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದೆ: ಕೆಸರೊಳಗಿನ ಜೀವ, ಅದರ ಉಸಿರು, ಗಾಳಿಯೆಂದರೆ ಅದಕ್ಕಾಗದಿರುವುದು. ಒಲೆಯ ಮೇಲಿನ ಅನ್ನ ಬೇಯುವುದರೊಳಗೆ ಮುಗಿಯಿತು.

"ಇಷ್ಟೇನಾ ಸಾರ್?" ಎಂದಳು ಆಕೆ. "ಇದನ್ನ ನಮ್ಮತ್ತೆಗೆ ಒಂದ್ಮಾತು ಹೇಳಿದ್ರೆ, ಬಾವಿ ಹತ್ರ ಪೊರಕೆ ತಂದೋರ ಕೈ ಮುರೀತಿದ್ರು."