ಅರಿಶಿನ ಕುಂಕುಮ ತಂದವನು

ಹೆಂಡತಿ ತೀರಿಕೊಂಡ ಮೇಲೂ ಬೆಳಗಿನ ಬಸ್ಕಿ ಬಿಟ್ಟಿಲ್ಲ. ಆಟೋ ಓಡಿಸಿ ಓಡಿಸಿ ಮಂಡಿ ಹಿಡಿದುಕೊಂಡಾಗ, ಕಿಟಕಿ ಸರಳು ಹಿಡಿಸಿ ಅವಳೇ ಮಾಡಿಸುತ್ತಿದ್ದಳು.

ಮೊನ್ನೆ ಹಾಗೆ ಕೂತು ಏಳುತ್ತಿದ್ದಾಗ ಪಾರ್ಟಿಯವನೊಬ್ಬ ಬಾಗಿಲಿಗೆ ಬಂದ. ಎಲೆಕ್ಷನ್ ಬಂದಾಗ ಮಾತ್ರ ಉದಯಗಿರಿಯ ನಮ್ಮ ಗಲ್ಲಿ ಇವರಿಗೆ ನೆನಪಾಗುತ್ತದೆ. ಕೈಯಲ್ಲಿ ಅರಿಶಿನ ಕುಂಕುಮ, ರವಿಕೆ ಕಣ ಇದ್ದ ಕವರು.

“ಅಮ್ಮನ್ನ ಕರೀರಿ ಯಜಮಾನ್ರೇ, ಅವರ ಕೈಗೇ ಕೊಡ್ಬೇಕು.”

ಸತ್ತವರ ವೋಟನ್ನು ಬೇರೆ ಯಾರೋ ಹಾಕಿಬಿಡುತ್ತಾರೆ ಅಂತ ಆಟೋ ಸ್ಟ್ಯಾಂಡಿನಲ್ಲಿ ಕೇಳಿದ್ದೆ. ಅವಳಿಲ್ಲ ಅಂತ ಇವನಿಗೆ ಯಾಕೆ ಹೇಳಲಿ?

“ಸ್ನಾನಕ್ಕೆ ಹೋಗವ್ಳೆ” ಅಂದೆ.

“ಕಾಯ್ತೀನಿ ಬುಡಿ” ಅಂತ ಜಗಲಿ ಮೇಲೆ ಕೂತುಬಿಟ್ಟ.

ಬೇರೇನು ಮಾಡಲು ತೋಚದೆ ಬಸ್ಕಿ ಮುಂದುವರಿಸಿದೆ. ಅವನು ನೋಡುತ್ತಲೇ ಇದ್ದ.

ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಕೇಳಿದ: “ಅಮ್ಮ ಹೋಗ್ಬುಟ್ರಾ?”

“ಯಾರು ಹೇಳಿದ್ದು ನಿಂಗೆ?”

“ಯಾರೂ ಹೇಳ್ಲಿಲ್ಲ ಕಣ್ರೀ. ಹೋದ ಸಲ ನಾನು ಬಾಗಿಲು ತಟ್ಟೋಕೆ ಮುಂಚೆನೇ ಚರಂಡಿ ವಿಷಯಕ್ಕೆ ಬೈದಿದ್ರು. ಈ ಸಲ ಇಷ್ಟೊತ್ತು ಕೂತ್ರೂ ಒಳಗಿಂದ ಒಂದು ಮಾತಿಲ್ಲ.”

ನಾನು ಸರಳು ಹಿಡಿದುಕೊಂಡೇ ಕೂತುಬಿಟ್ಟೆ. ಅವನು ಕವರನ್ನು ಹೊಸಿಲ ಪಕ್ಕ ಇಟ್ಟು, “ಫೋಟೋ ಮುಂದೆ ಇಡಿ” ಅಂತ ಹೇಳಿ ಹೋದ. ಇಟ್ಟೆ.

ಒಳ್ಳೆಯವನೇ ಇರಬೇಕು. ಆದರೂ ವೋಟಿನ ದಿನ ಆಟೋ ತೆಗೆಯುವುದಿಲ್ಲ. ಬೆಳಗಿನಿಂದ ಸಂಜೆವರೆಗೂ ಬೂತಿನ ಎದುರಿಗೇ ಇರುತ್ತೇನೆ. ಅವಳ ಹೆಸರು ಹೇಳಿಕೊಂಡು ಯಾರು ಬರುತ್ತಾರೋ ನೋಡಬೇಕು.

ಅವತ್ತಿನ ಬಸ್ಕಿಯೂ ಅಲ್ಲೇ.