ನಿಂಗಮ್ಮ ತೋರಿಸಿದ ದಾರಿ

ನಿಂಗಮ್ಮ ದಾರಿ ತೋರಿಸಿದ್ದಳು. ತೋರಿಸಲಿಲ್ಲ ಎಂದು ಸುಳ್ಳು ಹೇಳಿದವನು ನಾನು.

ಆರು ವರ್ಷ ಈ ಮಾತನ್ನು ಹೊಟ್ಟೆಯೊಳಗಿಟ್ಟುಕೊಂಡು ತಿರುಗಿದ್ದೇನೆ. ಉಂಡಿದ್ದೇನೆ, ಮದುವೆ ಮುಂಜಿಗಳಿಗೆ ಹೋಗಿ ನಕ್ಕಿದ್ದೇನೆ, ಚೆನ್ನಾಗಿ ನಿದ್ದೆಯನ್ನೂ ಮಾಡಿದ್ದೇನೆ. ತಪ್ಪು ಮಾಡಿದವನಿಗೆ ನಿದ್ದೆ ಹತ್ತುವುದಿಲ್ಲ ಎನ್ನುತ್ತಾರಲ್ಲ — ಸುಳ್ಳು, ಹತ್ತುತ್ತದೆ. ನನಗೆ ನನ್ನ ಮೇಲೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರುವುದು ಆ ನಿದ್ದೆಯನ್ನು ನೆನೆದಾಗಲೇ.

ಆಗ ನಾನು ಶಹಾಪುರದಲ್ಲಿ ಒಬ್ಬ ಗುತ್ತಿಗೆದಾರರ ಸರ್ವೇ ಕಚೇರಿಯಲ್ಲಿದ್ದೆ. ನಮ್ಮ ಕಡೆಯ ಒಂದು ಮರಿಗಾಲುವೆಯ ಮಣ್ಣಿನ ದಂಡೆಗೆ ಕಾಂಕ್ರೀಟು ಹೊದಿಸುವ ಕಾಮಗಾರಿ ಬಂದಿತ್ತು. ಅದಕ್ಕೂ ಮೊದಲು, ಜನ ಮತ್ತು ದನಕರು ಕಾಲುವೆಯನ್ನು ಎಲ್ಲೆಲ್ಲಿ ದಾಟುತ್ತಾರೆ ಎಂಬುದರ ನಕ್ಷೆ ಬೇಕಾಗಿತ್ತು. ಕಲ್ಲುಚಪ್ಪಡಿಯ ಹಳೆಯ ಸಣ್ಣ ಸೇತುವೆಗಳಿಗೆ ನಮ್ಮ ಕಡೆ ಪೂಲು ಅನ್ನುತ್ತೇವೆ. ನಕ್ಷೆಯಲ್ಲಿ ಇದ್ದ ಪೂಲನ್ನು ಕೆಡವಿ ಹೊಸದು ಕಟ್ಟುತ್ತಾರೆ. ನಕ್ಷೆಯಲ್ಲಿ ಇಲ್ಲದ್ದನ್ನು ಕೆಡವಿ ಸುಮ್ಮನಾಗುತ್ತಾರೆ.

ಅಂಗೈಯಗಲದ ಜಿಪಿಎಸ್ ಯಂತ್ರ ಹಿಡಿದುಕೊಂಡು ಹಾಗೆ ದಾಟುವ ಜನರ ಜೊತೆ ನಡೆಯುವುದು, ಅವರು ನಿಂತಲ್ಲಿ ಗುಂಡಿ ಒತ್ತಿ ಜಾಗದ ಗುರುತು ಹಾಕಿಕೊಳ್ಳುವುದು, ಕಚೇರಿಗೆ ಬಂದು ಆ ಗುರುತುಗಳನ್ನು ಕಂಪ್ಯೂಟರಿಗೆ ಇಳಿಸಿ, ಒಂದೊಂದಕ್ಕೂ ಹೆಸರು ಕೊಟ್ಟು, ಸಾಲಾಗಿ ಜೋಡಿಸಿ ದಾರಿ ಮಾಡುವುದು — ಇದು ನನ್ನ ಕೆಲಸ. ನನ್ನಷ್ಟು ಅಚ್ಚುಕಟ್ಟಾಗಿ ಮಾಡುವವರು ಆ ಕಚೇರಿಯಲ್ಲಿ ಇನ್ನೊಬ್ಬರಿರಲಿಲ್ಲ.

ನಿಂಗಮ್ಮ ಬೋನಾಳದ ಆಚೆಯ ಕುರಿಗಾರರ ಮನೆಯ ಹೆಣ್ಣುಮಗಳು. ಭತ್ತದ ಸುಗ್ಗಿ ಮುಗಿದ ಮೇಲೆ ಪ್ರತಿ ವರ್ಷ ಅವಳೂ ಅವಳ ಗಂಡ ಮಾಳಪ್ಪನೂ ಕುರಿ ಹೊಡೆದುಕೊಂಡು ಶಹಾಪುರದ ಕಡೆ ಬರುತ್ತಿದ್ದರು. ಕೊಯ್ದ ಗದ್ದೆಗಳಲ್ಲಿ ಕುರಿ ತರುಬಿ ನಿಲ್ಲಿಸಿದರೆ ರೈತನಿಗೆ ಗೊಬ್ಬರ, ಕುರಿಗೆ ಮೇವು. ಮಾಳಪ್ಪ ಮಾತು ಕಡಿಮೆಯ ಮನುಷ್ಯ. ಮುಂದೆ ನಡೆಯುವವಳು ಅವಳೇ. ಕುರಿಗಳನ್ನು ಗಂಡನ ಬಳಿ ಬಿಟ್ಟು ದಾರಿ ತೋರಿಸಲು ಬಂದ ಅವಳ ಹಿಂದೆ ಮೂರು ದಿನ ನಡೆದೆ.

“ಇದು ಎರಡು ಹುಣಸಿ. ಇಲ್ಲಿ ನೀರು ಕುಡಸ್ತೀವಿ,” ಎನ್ನುವಳು. ನಾನು ಗುಂಡಿ ಒತ್ತುವೆ. “ಇದು ಗವಿಕಲ್ಲು. ಮಳಿ ಬಂದ್ರ ಮರಿಗೋಳು ಇದರಾಗ.” ಮತ್ತೆ ಒತ್ತುವೆ. ಒಂದು ಬೇವಿನ ಗಿಡದ ಕೆಳಗೆ ನಿಂತು, “ಇಲ್ಲಿ ನಮ್ಮತ್ತಿ ಹಡದಾಳ. ನಮ್ಮ ಮನಿಯವ್ರು ಹುಟ್ಟಿದ್ದು ಇಲ್ಲೇ. ಅದನ್ನೂ ಬರಕೋತಿಯೇನು ತಮ್ಮಾ?” ಎಂದು ಕೇಳಿದಳು. ಬರೆದುಕೊಂಡೆ. ನನ್ನ ರೊಟ್ಟಿ ಮುಗಿದಿದ್ದಕ್ಕೆ ತನ್ನ ಬುತ್ತಿ ಬಿಚ್ಚಿ ಅರ್ಧ ಕೊಟ್ಟಳು. ಉಂಡೆ. ಒಟ್ಟು ಇಪ್ಪತ್ತಮೂರು ಗುರುತುಗಳಾದವು. ಹದಿನಾಲ್ಕನೆಯದು ಆ ಕಾಲುವೆಯ ಪೂಲು.

ಪೂಲಿನ ಆಚೆ ದಂಡೆಯ ಗದ್ದೆ ನಮ್ಮದು.

ಕಾಲುವೆ ಬರುವ ಮೊದಲು ಅದು ಜೋಳ ಬಿತ್ತುವ ಹೊಲವಾಗಿತ್ತು. ಅದರ ನಟ್ಟನಡುವಿನ ಬದುವಿನ ಪಕ್ಕ ಕುರಿ ಹೋಗುವ ಅಗಲವಾದ ದಾರಿ ಇತ್ತು. ನೀರು ಬಂದು ಭತ್ತ ಶುರುವಾದ ಮೇಲೆ ನಮ್ಮಣ್ಣ ಸಾಬಣ್ಣ ವರ್ಷಕ್ಕೊಂದು ಸಾಲಿನಂತೆ ಆ ದಾರಿಯನ್ನು ಗದ್ದೆಗೆ ಸೇರಿಸಿಕೊಳ್ಳುತ್ತಾ ಬಂದಿದ್ದ. ನಾನು ಪೂಲಿನ ಗುರುತು ಹಾಕಿದ ದಿನ ಅವನು ಬದುವಿನ ಮೇಲೆ ನಿಂತು ನಮ್ಮನ್ನು ನೋಡಿದ. ಮರುದಿನ ಮಧ್ಯಾಹ್ನ ಊಟಕ್ಕೆ ಕುಳಿತಾಗ ಹೇಳಿದ:

“ಆ ಪೂಲು ನಕ್ಷಿಯಾಗ ಬಂತಂದ್ರ ಅದರ ಹಿಂದ ದಾರಿನೂ ಬರ್ತದ. ಗದ್ದಿ ಎರಡು ಹೋಳಾಗ್ತದ ನೋಡು. ಒಂದ್ ಗುಂಡಿ ಒತ್ತೋದು ತಮ್ಮಾ. ಯಾರಿಗಿ ಗೊತ್ತಾಗ್ತದ?”

ಅವನು ಬೆದರಿಸಲಿಲ್ಲ, ಕೈಮುಗಿಯಲೂ ಇಲ್ಲ. ನನ್ನನ್ನು ಓದಿಸಿದವನು ಅವನೇ — ಇಲ್ಲ, ಅದನ್ನು ಇಲ್ಲಿ ತರಬಾರದು, ನೆವ ಹೇಳಿದಂತಾಗುತ್ತದೆ. ಬರೆಯಬೇಕಾದದ್ದು ಬೇರೆ: ಆ ಗದ್ದೆಯಲ್ಲಿ ನನಗೂ ಪಾಲಿತ್ತು.

ಹದಿನಾಲ್ಕನೆಯ ಗುರುತನ್ನು ಆರಿಸಿ ಅಳಿಸುವ ಗುಂಡಿ ಒತ್ತಿದೆ. ಖಾತ್ರಿಯೇನು ಎಂದು ಕಂಪ್ಯೂಟರು ಒಮ್ಮೆ ಕೇಳಿತು. ಹೌದು ಎಂದೆ. ನಡುವಿನ ಒಂದು ಗುರುತು ಹೋದರೆ ಅದು ತಾನಾಗಿಯೇ ಹಿಂದಿನದನ್ನೂ ಮುಂದಿನದನ್ನೂ ನೇರ ಗೆರೆಯಿಂದ ಜೋಡಿಸಿಬಿಡುತ್ತದೆ. ಪೂಲಿಲ್ಲದ ಕಾಲುವೆಯ ಮೇಲೆ ಕುರಿಗಳು ಹಾರಿಹೋದಂತೆ ಕಾಣುತ್ತಿತ್ತು. ಹಾಗೆ ಬಿಟ್ಟರೆ ಯಾರಾದರೂ ಕೇಳುತ್ತಾರೆ. ಅದಕ್ಕೆ ನಾನು ಡಾಂಬರು ರಸ್ತೆಯ ದೊಡ್ಡ ಸೇತುವೆಯ ಮೇಲೆ ಹೊಸ ಗುರುತೊಂದನ್ನು ಹಾಕಿ, ಗೆರೆಯನ್ನು ಎಳೆದು ತಂದು ಅದರ ಮೇಲೆ ಹಾಯಿಸಿದೆ. ನಿಂಗಮ್ಮ ಎಂದೂ ನಡೆಯದ ದಾರಿ. ಹತ್ತು ನಿಮಿಷವೂ ಹಿಡಿಯಲಿಲ್ಲ. ಇಷ್ಟು ನೀಟಾಗಿ ಯಾರೂ ಮಾಡಿಲ್ಲ ಎಂದು ಕಚೇರಿಯಲ್ಲಿ ನನ್ನ ನಕ್ಷೆಯನ್ನು ಹೊಗಳಿದರು. ಆ ಹೊಗಳಿಕೆಗೆ ನಾನು ನಾಚಿಕೊಂಡಂತೆ ನಕ್ಕೆ — ಥೂ.

ಪೂಲು ಬಿತ್ತು. ಕಾಂಕ್ರೀಟು ಬಂತು. ಅಣ್ಣ ಗದ್ದೆಗೆ ತಂತಿಬೇಲಿ ಹಾಕಿದ.

ಮುಂದಿನ ಸುಗ್ಗಿಗೆ ಕುರಿ ಬಂದವು. ಪೂಲಿಲ್ಲ, ಎದುರಿಗೆ ಬೇಲಿ. ನಿಂಗಮ್ಮ ಮಂದೆಯನ್ನು ತಿರುಗಿಸಿ ಕಾಲುವೆಯ ದಂಡೆಗುಂಟ ರಸ್ತೆಯ ಕಡೆಗೆ ಹೊಡೆದಳು. ಬಿರುಬಿಸಿಲು. ಬಾಯಾರಿದ ಒಂದು ಟಗರು ನೀರಿಗೆ ಬಾಯಿ ಹಾಕಲು ಹೋಗಿ ನುಣುಪಾದ ಇಳಿಜಾರಿನಲ್ಲಿ ಜಾರಿತು. ಮಣ್ಣಿನ ದಂಡೆಯಾಗಿದ್ದರೆ ಕಾಲೂರಿ ಮೇಲೆ ಬರುತ್ತಿತ್ತು. ಕುರಿಗಳ ಬುದ್ಧಿ ನಿಮಗೆ ಗೊತ್ತಲ್ಲ — ಒಂದು ಇಳಿಯಿತೆಂದರೆ... ಒಂದರ ಹಿಂದೆ ಒಂದು ಮೂವತ್ತೊಂದು ಇಳಿದವು. ಮಾಳಪ್ಪ ಹಿಂದುಮುಂದು ನೋಡದೆ ಹಾರಿದ. ಅವನನ್ನು ಎಷ್ಟೋ ಕೆಳಗೆ, ನೀರು ಬಿಡುವ ಗೇಟಿನ ಹತ್ತಿರ ಜನ ಎಳೆದು ಹಾಕಿದರು. ಜೀವ ಉಳಿಯಿತು. ಬಲಗೈ ಭುಜದಿಂದ ಮೇಲೇಳಲಿಲ್ಲ, ಇಂದಿಗೂ ಏಳುವುದಿಲ್ಲ.

ಪೂಲು ಯಾಕೆ ಮತ್ತೆ ಕಟ್ಟಲಿಲ್ಲ ಎಂದು ನೀರಾವರಿ ಕಚೇರಿಯಲ್ಲಿ ವಿಚಾರಣೆ ನಡೆಯಿತು. ಅಲ್ಲಿನ ಸಾಹೇಬರು ಕಂಪ್ಯೂಟರನ್ನು ನಿಂಗಮ್ಮನ ಕಡೆಗೆ ತಿರುಗಿಸಿದರು. ಅವಳಿಗೆ ಓದು ಬರುವುದಿಲ್ಲ.

“ನೀನೇ ತೋರಿಸಿದ ದಾರಿ ಇದು. ಇದರಾಗ ಆ ಪೂಲು ಇಲ್ಲಲ್ಲಮ್ಮ,” ಎಂದವರು ನನ್ನತ್ತ ತಿರುಗಿ, “ಏನಪಾ, ಇವರ ಸಂಗಡ ಹೋದವ ನೀನೇ ಅಲ್ಲ?” ಎಂದು ಕೇಳಿದರು.

ಅಲ್ಲಿಯಾದರೂ ಬಾಯಿ ಬಿಡಬಹುದಿತ್ತು. ಬಿಟ್ಟೆ. ಹೊರಬಿದ್ದದ್ದು ಇದು: “ಹೌದ್ರಿ. ಪೂಲು ತೋರಿಸಿಲ್ರಿ ಅವ್ರು. ರೋಡಿನ ಮ್ಯಾಲೇ ಹೋಗ್ತೀವಿ ಅಂದಿದ್ರು.”

ನಿಂಗಮ್ಮ ನನ್ನನ್ನೇ ನೋಡಿದಳು. ಆ ಕಣ್ಣಲ್ಲಿ ಸಿಟ್ಟು ಇದ್ದಿದ್ದರೆ ನಾನು ತಾಳಿಕೊಳ್ಳುತ್ತಿದ್ದೆ. ಇರಲಿಲ್ಲ. ಹಣೆ ಉಜ್ಜಿಕೊಂಡು ನೆನಪು ಮಾಡಿಕೊಳ್ಳುತ್ತಿದ್ದಳು.

“ತೋರಿಸಿದಂಗ ನೆನಪದರಿ... ಆದ್ರ ಮಷೀನಿನ್ಯಾಗ ಇಲ್ಲಂದ ಮ್ಯಾಲ ನಾನೇ ಮರ್ತೀನೇನೋ.”

ಕುರಿ ಸತ್ತದ್ದಕ್ಕೆ, ಮಾಳಪ್ಪನ ಕೈ ಹೋದದ್ದಕ್ಕೆ ನಾನು ಕಾರಣ. ಆದರೆ ಒಬ್ಬ ಹೆಣ್ಣುಮಗಳು ತಾನು ವರ್ಷವರ್ಷ ನಡೆದ ದಾರಿಯನ್ನೇ ತಾನು ನಂಬದಂತೆ ಮಾಡಿದೆನಲ್ಲ — ಇದಕ್ಕೆ ಏನೆಂದು ಹೆಸರು ಕೊಡಲಿ? ಮೈದುನರು ಅವಳಿಗೆ “ದಾರಿ ಮರತಾಕಿ” ಎಂದು ಅಡ್ಡಹೆಸರಿಟ್ಟರು. ಉಳಿದ ಕುರಿಗಳನ್ನು ಮಾರಿದರು. ಮನೆಯಲ್ಲಿ ಏನು ಕೆಟ್ಟರೂ ಅವಳ ತಲೆಗೇ ಕಟ್ಟಿದರು. ಇದೆಲ್ಲ ನನಗೆ ತಿಳಿಯುತ್ತಲೇ ಇತ್ತು. ನಾನು ಕಿವಿಯಿದ್ದೂ ಕಿವುಡನಾಗಿದ್ದೆ.

ಈ ವರ್ಷ ನಾಟಿಗೆ ನಮ್ಮ ಗದ್ದೆಗೆ ಬಂದ ಹೆಂಗಸರ ಗುಂಪಿನಲ್ಲಿ ಅವಳಿದ್ದಳು. ನಾನು ಚಹಾ ತೆಗೆದುಕೊಂಡು ಹೋಗಿದ್ದೆ. ಮೊಣಕಾಲವರೆಗೆ ಕೆಸರಿನಲ್ಲಿ ನಿಂತವಳು ತಲೆಯೆತ್ತಿ, “ಆರಾಮಿದಿ ತಮ್ಮಾ?” ಎಂದಳು. ಆಮೇಲೆ ಕಾಲುವೆಯ ಕಡೆ ನೋಡಿ, ಯಾರಿಗೋ ಹೇಳುವಂತೆ, “ಆ ಪೂಲು ಇಲ್ಲೇ ನಿಂತು ತೋರಿಸಿದ್ದೆ ಅನಸ್ತದ ನನಗ. ಈಗ ನನ್ನ ಮಾತು ನನಗೇ ಖರೇ ಅನಸಂಗಿಲ್ಲ,” ಎಂದಳು.

ನನ್ನ ಕೈಯಲ್ಲಿದ್ದ ಚಹಾದ ಕೆಟಲನ್ನು ಬದುವಿನ ಮೇಲೆ ಇಟ್ಟೆ. ಎಲ್ಲವನ್ನೂ ಹೇಳಿದೆ. ನಾಟಿ ಹಚ್ಚುತ್ತಿದ್ದ ಕೈಗಳು ಒಂದೊಂದಾಗಿ ನಿಂತವು. ನಿಂಗಮ್ಮ ಕುರಿಯ ಬಗ್ಗೆ ಕೇಳಲಿಲ್ಲ, ಗಂಡನ ಕೈಯ ಬಗ್ಗೆ ಕೇಳಲಿಲ್ಲ.

“ಹಂಗಾದ್ರ ನಾ ತೋರಿಸಿದ್ದೆ.”

“ತೋರಿಸಿದ್ದಿ ಯಕ್ಕಾ.”

ಅವಳು ಗದ್ದೆಯಿಂದ ಮೇಲೆ ಬಂದು, ಗದ್ದೆಗೆ ಹಾಯುವ ನೀರಿನಲ್ಲಿ ನಿಧಾನವಾಗಿ ಕೈಕಾಲು ತೊಳೆದುಕೊಂಡಳು. “ಇದನ್ನ ನನ್ನ ಮನಿಯಾಗ ಬಂದು ಹೇಳು,” ಎಂದಷ್ಟೇ ಹೇಳಿ ಅರ್ಧ ದಿನದ ಕೆಲಸ ಬಿಟ್ಟು ನಡೆದಳು.

ಭಾನುವಾರ ಹೋದೆ. ಅಂಗಳದಲ್ಲಿ ಮಾಳಪ್ಪ, ಇಬ್ಬರು ಮೈದುನರು, ಅವರ ಹೆಂಡಂದಿರು. ನಿಂತುಕೊಂಡೇ ಹೇಳಿದೆ. ಚಿಕ್ಕ ಮೈದುನ ಎದ್ದು ಬಂದು ನನ್ನ ಅಂಗಿಯ ಕೊರಳು ಹಿಡಿದ. ನಾನು ಕಣ್ಣು ಮುಚ್ಚಿದೆ — ಈಗ ಹೇಳುತ್ತೇನೆ, ಆ ಏಟು ಬೀಳಲಿ ಎಂದು ಬಯಸಿದ್ದೆ. ನಿಂಗಮ್ಮನ ದನಿ ಕೇಳಿತು.

“ಬಿಡು ಅವನ್ನ. ಹೊಡದ್ರ ಅವನ ಎದಿ ಹಗರಾಗ್ತದ.”

ಮೈದುನ ಕೈ ಬಿಟ್ಟ. ಅವಳು ಅವನ ಕಡೆಗೆ ತಿರುಗಿದಳು. “ಆರು ವರ್ಷ ನನಗ ಏನಂತ ಕರದಿ, ಈಗ ಇವನ ಮುಂದ ಅನ್ನು ನೋಡೋಣ.” ಅವನು ತಲೆ ತಗ್ಗಿಸಿದ. ಮಾಳಪ್ಪ ಎಡಗೈಯಿಂದ ಮುಖ ಮುಚ್ಚಿಕೊಂಡು ಕುಳಿತಿದ್ದ. ನನಗೆ ಯಾರೂ ಕುಳಿತುಕೋ ಎನ್ನಲಿಲ್ಲ, ನೀರು ಕೊಡಲಿಲ್ಲ. ಸರಿಯಾಗಿಯೇ ಮಾಡಿದರು.

ಯಂತ್ರದಿಂದ ಮೊದಲು ಇಳಿಸಿಕೊಂಡ ಇಪ್ಪತ್ತಮೂರು ಗುರುತುಗಳ ಕಡತ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಹಾಗೇ ಉಳಿದಿತ್ತು — ಧೈರ್ಯದಿಂದ ಉಳಿಸಿದ್ದಲ್ಲ, ಅಳಿಸಲು ಮರೆತಿದ್ದೆ ಅಷ್ಟೇ. ಅದನ್ನು ಮುದ್ರಿಸಿ, ನಾನು ಮಾಡಿದ್ದನ್ನು, ಹೇಳಿದ ಸುಳ್ಳನ್ನು ಬರೆದು, ಸಹಿ ಹಾಕಿ ಸಾಹೇಬರ ಕಚೇರಿಗೆ ಕೊಟ್ಟಿದ್ದೇನೆ. ಅಣ್ಣ ಮಾತು ಬಿಟ್ಟಿದ್ದಾನೆ. ಅದೇ ಸರ್ವೇ ಕಚೇರಿಯಲ್ಲಿ ಇಂದಿಗೂ ಇರುವ ನನ್ನ ಕೆಲಸ ಇನ್ನು ಕೆಲವೇ ದಿನ. ಪೂಲು ಮತ್ತೆ ಕಟ್ಟುತ್ತಾರೋ ಇಲ್ಲವೋ ತಿಳಿಯದು. ಕಟ್ಟಿದರೂ ಅದರ ಮೇಲೆ ದಾಟಿಸಲು ನಿಂಗಮ್ಮನ ಬಳಿ ಕುರಿಯಿಲ್ಲ.

ಬರುವ ವಾರ ಮತ್ತೆ ವಿಚಾರಣೆಗೆ ಕರೆದಿದ್ದಾರೆ. ಅವಳನ್ನೂ ಕರೆದಿದ್ದಾರೆ. ಈ ಸಲ ಯಾರೂ ಅವಳನ್ನು ಏನೂ ಕೇಳುವ ಮೊದಲೇ ನಾನು ಎದ್ದು ನಿಲ್ಲುತ್ತೇನೆ.