ಮೈಕಿನ ಪಕ್ಕದ ಸಮಾಧಾನಪ್ಪ

ಭಾನುವಾರದ ಬೆಳಗು. ಹರಿಹರದ ರೈಲು ಹಳಿಯ ಆಚೆಗಿರುವ ಹಳೆಯ ಚರ್ಚಿನೊಳಗೆ ಇನ್ನೂ ಮಬ್ಬುಗತ್ತಲು. ಸಮಾಧಾನಪ್ಪ ಕಿಟಕಿಗಳನ್ನು ಒಂದೊಂದಾಗಿ ತೆರೆಯುತ್ತಾರೆ, ಪಾರಿವಾಳಗಳನ್ನು ಹುಶ್ ಎಂದು ಓಡಿಸುತ್ತಾರೆ, ಅವು ಮಾಡಿಟ್ಟ ಗಲೀಜನ್ನು ಒದ್ದೆ ಗೋಣಿಚೀಲದಿಂದ ಉಜ್ಜುತ್ತಾರೆ. ಬೆಂಚು ಒರೆಸಿ, ಮುಂದುಗಡೆ ಚಾಪೆ ಹಾಸಿ, ಕೊನೆಗೆ ಗಂಟೆಯ ಹಗ್ಗ ಹಿಡಿಯುತ್ತಾರೆ. ಊರು ಎದ್ದು ಹಲ್ಲುಜ್ಜುವ ಹೊತ್ತಿಗೆ ಈ ಮನುಷ್ಯನ ಬನಿಯನ್ ಬೆವರಿನಲ್ಲಿ ತೊಯ್ದಿರುತ್ತದೆ.

ಆರಾಧನೆ ಶುರುವಾಗುತ್ತಿದ್ದಂತೆ ಇವರು ಮಾಯ. ಎಲ್ಲಿ ಹೋದರಪ್ಪಾ ಎಂದು ಹುಡುಕಿದರೆ ಪಕ್ಕದ ಬಾಗಿಲ ಸಂದಿಯಲ್ಲಿ, ಆಂಪ್ಲಿಫೈಯರ್ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದಾರೆ. ಬೆರಳು ಗುಂಡಿಯ ಮೇಲೆ. "ಅಯ್ಯನೋರು ಪ್ರಾರ್ಥನೆ ಶುರು ಮಾಡಿದಾಗ ದನಿ ಸಣ್ಣಗಿರ್ತೈತೆ, ಏರಿಸ್ಬೇಕು. ಆಮ್ಯಾಲೆ 'ಕರ್ತನೇ' ಅಂತ ಜೋರಾಗಿ ಕೂಗ್ತಾರೆ ನೋಡ್ರಿ, ಅಲ್ಲಿ ಇಳಿಸ್ಬೇಕು. ಇಲ್ಲಾಂದ್ರೆ ಕೀಂಯ್ ಅಂತೈತೆ, ಅಜ್ಜಿಯರು ಬೈತಾರೆ" ಎಂದು ಪಿಸುಗುಡುತ್ತಾರೆ. ಪಾದ್ರಿಯವರಿಗೆ ಇಲ್ಲಿ ಅಯ್ಯನೋರು ಎನ್ನುವುದು ರೂಢಿ.

ಇವರ ಬಗ್ಗೆ ಬರೆಯುತ್ತೇನೆ ಎಂದಾಗ ಅದೇ ಚರ್ಚಿಗೆ ಬರುವ ಒಬ್ಬರು, "ಯಾರು, ನಮ್ಮ ಗಂಟೆ ಸಮಾಧಾನಪ್ಪಾನಾ? ಅವನ ಬಗ್ಗೆ ಬರೆಯಾಕೆ ಏನೈತೆ?" ಎಂದು ನಕ್ಕರು. ಇದೆ ಸ್ವಾಮಿ, ಬೇಕಾದಷ್ಟಿದೆ.

ಸಮಾಧಾನಪ್ಪನ ತಂದೆಯೂ ಇದೇ ಚರ್ಚಿನ ಜವಾನರು. ಮಗ ಕೂಸಾಗಿದ್ದಾಗ ದೀಕ್ಷಾಸ್ನಾನ ಇಲ್ಲಿಯೇ ಆಯಿತು, ಏಳನೇ ಕ್ಲಾಸಿಗೆ ಓದು ಮುಗಿಯಿತು. ಚರ್ಚಿನ ಸಂಬಳ ಮನೆಗೆ ಸಾಲದ್ದಕ್ಕೆ ವಾರದ ದಿನಗಳಲ್ಲಿ ಸುಣ್ಣ ಬಣ್ಣದ ಕೆಲಸಕ್ಕೆ ಹೋಗುತ್ತಾರೆ. "ಅಪ್ಪ ತೀರಿಕೊಂಡ ಮೇಲೆ ಕೀಲಿಕೈ ನನ್ನ ಕೈಗೆ ಬಂತು. ಭಕ್ತೀನೂ ಅದ್ರ ಜತೆಗೇ ಬಂತು ಅಂದ್ಕಂಡಿದ್ದೆ" ಎನ್ನುತ್ತಾರೆ. ಪಕ್ಕದಲ್ಲಿದ್ದ ಹೆಂಡತಿ ಸರೋಜಮ್ಮ ಸುಮ್ಮನಿರುವ ಪೈಕಿಯಲ್ಲ. "ಮದ್ವಿ ದಿನ ಮೈಕ್ ಕೈಕೊಡ್ತು ಅಂತ ನನ್ನ ಪಕ್ಕದಾಗಿಂದ ಎದ್ದು ಹೋಗಿ ವೈರ್ ಸರಿ ಮಾಡಿ ಬಂದಾರ್ರೀ ಇವ್ರು. ಕೇಳ್ರಿ ಬೇಕಾದ್ರೆ." ಸಮಾಧಾನಪ್ಪ ತಲೆ ತಗ್ಗಿಸಿ ನಗುತ್ತಾರೆ.

ಆ ನಗು ಹೋದ ವರ್ಷ ನಿಂತಿತ್ತು. ಸರೋಜಮ್ಮನವರ ಹೊಟ್ಟೆಯಲ್ಲಿ ಗೆಡ್ಡೆ. ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಎಂದಾಯಿತು. ಬೆಳಿಗ್ಗೆ ಸ್ಟ್ರೆಚರ್ ಮೇಲೆ ಮಲಗಿಸಿ ಒಳಗೆ ಕರೆದೊಯ್ಯುವ ಮುಂಚೆ ಆಕೆ ಗಂಡನ ಕೈ ಹಿಡಿದು, "ಒಂದು ಪ್ರಾರ್ಥನೆ ಮಾಡ್ರಿ" ಎಂದರು. ಸಮಾಧಾನಪ್ಪ ಕಣ್ಣು ಮುಚ್ಚಿ ಶುರು ಮಾಡಿದರು. ಬಾಯಿಂದ ಹೊರಟಿದ್ದು ಆರಾಧನೆಯ ಕೊನೆಗೆ ಅಯ್ಯನವರು ಹೇಳುವ ಆಶೀರ್ವಾದ. ಒಂದಕ್ಷರ ತಪ್ಪಿಲ್ಲ, ಅದೇ ರಾಗ, ಅದೇ ಏರಿಳಿತ. ಸಭೆ ಆಮೆನ್ ಅನ್ನಲಿ ಎಂದು ಅಯ್ಯನವರು ನಿಲ್ಲಿಸುವಲ್ಲಿ ಇವರೂ ನಿಲ್ಲಿಸಿ ಕಾದರು.

"ಕೈ ಬ್ಯಾರೆ ಹಿಂಗಾತು ಸಾರ್" ಎಂದು ಗಾಳಿಯಲ್ಲಿ ಗುಂಡಿ ತಿರುಗಿಸಿ ತೋರಿಸುತ್ತಾರೆ. ನಗು ಬರಬೇಕಿತ್ತು, ನನಗೆ ಬರಲಿಲ್ಲ.

ಸರೋಜಮ್ಮ ಆಮೆನ್ ಅನ್ನಲಿಲ್ಲ. "ಇದು ಅಯ್ಯನೋರ್ದು. ನಿಮ್ದು ಹೇಳ್ರಿ" ಎಂದರು. ಆಯಾ ಬಂದು ಹೊತ್ತಾಯಿತು ಎಂದಳು, ಬಾಗಿಲು ಮುಚ್ಚಿತು.

"ಒಳಗೆ ಅವಳನ್ನ ಕೊಯ್ತಾ ಇದ್ರು. ಹೊರಗೆ ನಾನು ಹುಡುಕ್ತಾ ಇದ್ದೆ, ನಂದು ಅನ್ನೋ ಒಂದು ಮಾತು ಐತೇನು ಅಂತ. ಇರ್ಲಿಲ್ಲ ಸಾರ್. ಹುಟ್ಟಿದಾಗಿಂದ ದೇವರ ಮನಿಯಾಗೇ ಬೆಳೆದೋನು ನಾನು. ಒಂದೂ ಇರ್ಲಿಲ್ಲ." ಹೆಂಡತಿ ಆ ಸಲ ಉಳಿದು ಬಂದರು. ಆದರೆ ಗಂಡನ ಪ್ರಾರ್ಥನೆಗೆ ಆಮೆನ್ ಅನ್ನುವುದನ್ನು ಅವತ್ತಿನಿಂದ ನಿಲ್ಲಿಸಿಬಿಟ್ಟರು.

ಪ್ರತಿ ಸಂಜೆ ಊಟಕ್ಕೆ ಮುಂಚೆ ಮನೆಯಲ್ಲಿ ಪ್ರಾರ್ಥನೆ. ಸಮಾಧಾನಪ್ಪ ಬಾಯಿ ತೆರೆದರೆ ಸಾಕು, ಸರೋಜಮ್ಮ ಹಿಡಿದುಬಿಡುತ್ತಾರೆ. "ಇದು ಹೋದ ಭಾನುವಾರ ಅಯ್ಯನೋರು ಹೇಳಿದ ಪ್ರಸಂಗದಾಗಿತ್ತು." "ಇದು ನಿಮ್ಮಪ್ಪ ಹೇಳ್ತಿದ್ದುದು." ಒಮ್ಮೆ ಏನೋ ಹೊಸದಾಗಿ ಹೊಂದಿಸಿಕೊಂಡು ಹೇಳಿದರಂತೆ. "ಚಂದೈತೆ. ಬಣ್ಣ ಹಚ್ಚಾಕೆ ಹೋದಾಗ ಉರು ಹೊಡ್ಕಂಡು ಬಂದೀರಿ, ಅಲ್ಲೇನು?" ಎಂದರಂತೆ. ಹೌದು, ಹಾಗೇ ಮಾಡಿದ್ದರು!

ನನಗೆ ಈ ಹೆಂಗಸಿನ ಮೇಲೆ ಸಿಟ್ಟೇ ಬಂತು. ಮೈ ಮುರಿದು ದುಡಿದು ಬಂದವನನ್ನು ಹೀಗೆ ಕಾಡುವುದೇ? ಕೇಳಿಯೂಬಿಟ್ಟೆ. ಸರೋಜಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಅಯ್ಯನೋರು ಊರಿಗೆಲ್ಲ ಪ್ರಾರ್ಥನೆ ಮಾಡ್ತಾರೆ, ಅದ್ರಾಗ ನಾನೂ ಬಂದೆ. ಆದ್ರೆ ಅಯ್ಯನೋರಿಗೆ ನಾನು ಹೆಂಡ್ತಿ ಅಲ್ವಲ್ಲ ಸಾರ್. ನಾನು ಸಾಯೋ ಹೊತ್ನಾಗೂ ಇವ್ರು ಯಾರ್ದೋ ಮಾತು ಹೇಳಿ ಕಳಿಸಿದ್ರೆ ನಂಗೆ ಹೆಂಗಾಗ್ಬೇಕು?" ಎಂದರು. ನನ್ನ ಸಿಟ್ಟು ಇಳಿಯಿತು.

ಸಮಾಧಾನಪ್ಪ ಅಯ್ಯನವರ ಹತ್ತಿರ ಹೋಗಿ ಇದನ್ನೆಲ್ಲ ಹೇಳಿಕೊಂಡಿದ್ದಾರೆ. ವಿಜಯಕುಮಾರ್ ಅಯ್ಯನವರು ಒಳ್ಳೆಯ ಮನುಷ್ಯರು. ಮೈಕನ್ನು ಬೇರೆಯವರಿಗೆ ಒಪ್ಪಿಸಿ ಇವರನ್ನು ಬೆಂಚಿನ ಮೇಲೆ ಕೂರಿಸಿದರು. "ಎಲ್ಲರ ಜತೆ ನಂದೂ ಬಾಯಿ ಆಡ್ತಿತ್ತು. ತಲಿಯಾಗ ಮಾತ್ರ ಆ ಸ್ಪೀಕರ್ ಯಾಕ ಗೊರಗೊರ ಅಂತೈತೆ ಅನ್ನೋದೇ ಇತ್ತು" ಎಂದು ಸಮಾಧಾನಪ್ಪ ನೊಂದುಕೊಳ್ಳುತ್ತಾರೆ. ಮುಂದಿನ ವಾರ ತಾವಾಗಿಯೇ ಸ್ಟೂಲಿಗೆ ವಾಪಸಾದರು. ಅಯ್ಯನವರು ನನಗೆ ಹೇಳಿದ್ದು ಇಷ್ಟೇ: "ಬೆಂಚಿನ ಮೇಲೆ ಕೂರೋರದ್ದೂ, ಮೈಕಿನ ಮುಂದೆ ನಿಲ್ಲೋ ನಂದೂ ಅದೇ ಪಾಡು. ಪಾಪ, ಸಮಾಧಾನಪ್ಪ ಅದನ್ನ ಒಪ್ಪಿಕೊಂಡರು."

ಈಗ ಬೆಳಗ್ಗೆ ಚರ್ಚಿನ ಬೀಗ ತೆಗೆಯುವ ಮುಂಚೆ ಸಮಾಧಾನಪ್ಪ ಮೆಟ್ಟಿಲ ಮೇಲೆ ಸುಮ್ಮನೆ ಕೂರುತ್ತಾರೆ. ದೇವರಿಗೆ ಏನಾದರೂ ಹೇಳಲು ನೋಡುತ್ತಾರೆ. ಎಷ್ಟೋ ದಿನ ಏನೂ ಹುಟ್ಟುವುದಿಲ್ಲ. "ದಿನಾ ಮಂದಿಗೆ ಬಡಿಸಿ ಬಡಿಸಿ ನನಗೆ ಹಸಿವು ಅನ್ನೋದೇ ಮರ್ತು ಹೋದಂಗಾಗೈತೆ. ಆದ್ರೂ ಕೂಡ್ತೀನಿ. ಅಯ್ಯನೋರ ಮಾತು ಬಾಯಿಗೆ ಬಂದ್ರೆ ಬಾಯಿ ಮುಚ್ಚಿಕೊಂತೀನಿ" ಎನ್ನುತ್ತಾರೆ. ಬೀಗ ತೆಗೆಯುವ ಕೆಲಸಕ್ಕಿಂತ ಇದು ಕಷ್ಟದ ಕೆಲಸ ಎಂದು ನನಗನ್ನಿಸಿತು.

ಇಷ್ಟರಲ್ಲಿ ಗೆಡ್ಡೆ ಮತ್ತೆ ಬೆಳೆದಿದೆ. ಈ ಸಲದ್ದು ಮೊದಲಿನಷ್ಟು ಸುಲಭವಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಗಂಡ ಹೆಂಡತಿ ಇಬ್ಬರೂ ಆಪರೇಷನ್ನಿನ ಹಿಂದಿನ ದಿನವೇ ದಾವಣಗೆರೆಯ ಆನೆಕೊಂಡದಲ್ಲಿರುವ ಮಗಳು ರೇಖಾಳ ಮನೆಗೆ ಬಂದಿದ್ದಾರೆ. "ನೀವೂ ಬರ್ರಿ ಸಾರ್, ಇವ್ರ ಜತೆ ಮಾತಾಡ್ಕಂತ ಕೂಡಾಕೆ ಒಬ್ರು ಇರ್ಲಿ" ಎಂದು ಸರೋಜಮ್ಮನೇ ಕರೆದಿದ್ದಕ್ಕೆ ನಾನೂ ಬೆಳಿಗ್ಗೆ ಆಸ್ಪತ್ರೆಗೆ ಹೋಗಿದ್ದೇನೆ.

ಸ್ಟ್ರೆಚರ್ ಬರುತ್ತದೆ. ಸರೋಜಮ್ಮ ಈ ಸಲ ಪ್ರಾರ್ಥನೆ ಮಾಡಿ ಎಂದು ಕೇಳುವುದಿಲ್ಲ. ಸುಮ್ಮನೆ ಗಂಡನ ಮುಖ ನೋಡುತ್ತಾರೆ. ಸಮಾಧಾನಪ್ಪ ಕಣ್ಣು ಮುಚ್ಚುತ್ತಾರೆ. ಆಯಾ ಸ್ಟ್ರೆಚರಿನ ಹಿಡಿಗೆ ಕೈ ಹಾಕುತ್ತಾಳೆ. ಇನ್ನು ಇವರಿಂದ ಆಗಲಿಕ್ಕಿಲ್ಲ ಎಂದುಕೊಂಡು ನಾನು ಆಚೆ ನೋಡುತ್ತೇನೆ.

"ದೇವ್ರೇ" ಎಂಬ ದನಿ ಕೇಳುತ್ತದೆ. ರಾಗವಿಲ್ಲ, ಏರಿಳಿತವಿಲ್ಲ. "ಹೋದ ಸಲ ನಾನು ಕೇಳ್ಲಿಲ್ಲ. ಕೇಳ್ದೇ ಇದ್ರೂ ನೀನು ಕೊಟ್ಟೆ. ಈ ಸಲ ಕೇಳ್ತಾ ಇದೀನಿ. ಇವಳನ್ನ ನಂಗೆ ವಾಪಸ್ ಕೊಡು. ನಂಗೆ ಭಾಳ ಹೆದ್ರಿಕೆ ಆಗೈತೆ. ಇವಳಿಲ್ದೆ ನಂಗೆ ಇರಾಕೆ ಬರಲ್ಲ."

ಅಷ್ಟೇ. ರೇಖಾ ಮೆಲ್ಲಗೆ, "ಅಪ್ಪಾ, ಯೇಸುವಿನ ನಾಮದಲ್ಲಿ ಅಂತ ಮುಗಿಸ್ಬೇಕು" ಎನ್ನುತ್ತಾಳೆ.

"ಸುಮ್ಕಿರೇ. ಆತ ಕೇಳಿಸ್ಕಂಡಾನೆ" ಎಂದು ಸರೋಜಮ್ಮ ಮಗಳನ್ನು ಗದರುತ್ತಾರೆ. ಆಮೇಲೆ ಗಂಡನ ಕೈಯನ್ನು ಕೆನ್ನೆಗೆ ಒತ್ತಿಕೊಂಡು, ಕಾರಿಡಾರಿಗೆಲ್ಲ ಕೇಳುವಂತೆ ಆಮೆನ್ ಎನ್ನುತ್ತಾರೆ. ನನ್ನ ಕಣ್ಣಲ್ಲಿ ನೀರು ಬಂತು, ಬಂದರೆ ಬರಲಿ ಎಂದು ಬಿಟ್ಟೆ.

ಮಧ್ಯಾಹ್ನ ದಾಟಿದ ಮೇಲೆ ಡಾಕ್ಟರು ಹೊರಬಂದು, ಗೆಡ್ಡೆ ಪೂರ್ತಿ ತೆಗೆದಿದ್ದೇವೆ, ಪರೀಕ್ಷೆಗೆ ಕಳಿಸಬೇಕು, ಸದ್ಯಕ್ಕೆ ಜೀವಕ್ಕೆ ಭಯವಿಲ್ಲ ಎನ್ನುತ್ತಾರೆ. ಸಂಜೆ ನಮ್ಮನ್ನು ಒಳಗೆ ಬಿಡುತ್ತಾರೆ. ಸರೋಜಮ್ಮನಿಗೆ ಆಗಷ್ಟೇ ಎಚ್ಚರವಾಗಿದೆ, ತುಟಿ ಒಣಗಿದೆ. ಏನೋ ಹೇಳಲು ಒದ್ದಾಡುತ್ತಿದ್ದಾರೆ. ನೀರು ಕೇಳುತ್ತಿದ್ದಾಳೇನೋ ಎಂದು ಸಮಾಧಾನಪ್ಪ ಬಗ್ಗುತ್ತಾರೆ.

"ನಾಳೆ ಮತ್ತೆ ಅದನ್ನೇ ಹೇಳಬ್ಯಾಡ್ರಿ. ಬ್ಯಾರೆ ಹೇಳ್ರಿ."